ನಾಲ್ಕು ಫೆಬ್ರವರಿ

ಊರವರಿಗೆಲ್ಲ ಬಾಯಿಮಾತು ನಂಬಬೇಡಿ, ಎಲ್ಲದಕ್ಕೂ ಕಾಗದ ಇಟ್ಟುಕೊಳ್ಳಿ ಎಂದು ಬುದ್ಧಿ ಹೇಳುತ್ತಿದ್ದ ವಕೀಲೆ ಟ್ಯಾಮ್ರಾ ಸ್ಕ್ಯಾಗ್ಸ್ ತನ್ನ ಸಾಲದ ಕಾಗದಗಳನ್ನು ಮಾತ್ರ ಹತ್ತು ವರ್ಷದಲ್ಲಿ ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ವಕೀಲರನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಅವಳ ಕೆಲಸ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಕಣಿವೆಯ ಒಂದು ಸಣ್ಣ ಕೋರ್ಟಿನಲ್ಲಿ. ವಕೀಲರನ್ನಿಡಲು ಕಾಸಿಲ್ಲದ ಆರೋಪಿಗಳಿಗೆ ಸರ್ಕಾರವೇ ಸಂಬಳ ಕೊಟ್ಟು ಒದಗಿಸುವ ವಕೀಲೆ ಅವಳು. ನಶೆಯ ಮಾತ್ರೆ ಕದ್ದವರು, ಕುಡಿದು ಟ್ರಕ್ ಓಡಿಸಿದವರು, ಮುಚ್ಚಿದ ಗಣಿಯಿಂದ ತಾಮ್ರದ ತಂತಿ ಕಿತ್ತವರು ಎಲ್ಲರೂ ಅವಳ ಪಾಲಿಗೆ. ಸಂಬಳ ಶಾಲಾಮಾಸ್ತರರಿಗಿಂತ ಒಂದು ಕೈ ಹೆಚ್ಚು, ಅಷ್ಟೇ. ಹಾಗೆಂದು ಏನೂ ಸಿಗಲಿಲ್ಲ ಅನ್ನುವಂತಿಲ್ಲ. ಜೈಲು ತಪ್ಪಿಸಿಕೊಂಡ ಮುದುಕನೊಬ್ಬ ಪ್ರತಿ ಆಗಸ್ಟಿನಲ್ಲಿ ಒಂದು ಬುಟ್ಟಿ ಟೊಮೆಟೊ ತಂದು ಅವಳ ಕಾರಿನ ಮೇಲಿಟ್ಟು, ಮಾತಾಡದೆ ಹೋಗುತ್ತಿದ್ದ.

ಆ ಕೆಲಸಕ್ಕೆ ಅವಳು ಅಂಟಿಕೊಂಡಿದ್ದಕ್ಕೆ ಟೊಮೆಟೊ ಮಾತ್ರ ಕಾರಣವಲ್ಲ. ಲಾ ಕಾಲೇಜಿಗೆಂದು ಮಾಡಿದ ಸಾಲ ಒಂದು ಲಕ್ಷ ಹದಿನೆಂಟು ಸಾವಿರ ಡಾಲರು. ಇಂಥ ಸೇವೆಯಲ್ಲಿ ನಿಂತು ತಿಂಗಳಿಗೊಂದರಂತೆ ನೂರಿಪ್ಪತ್ತು ಕಂತು ಕಟ್ಟಿದವರಿಗೆ ಉಳಿದದ್ದು ಮನ್ನಾ ಎಂದು ಸರ್ಕಾರದ ನಿಯಮ. ಈ ಅಕ್ಟೋಬರಿಗೆ ನೂರಿಪ್ಪತ್ತು ಮುಗಿಯುತ್ತಿತ್ತು. ರಾಜ್ಯದ ರಾಜಧಾನಿಯ ದೊಡ್ಡ ವಕೀಲರ ಕಚೇರಿಯೊಂದು ಎರಡು ಪಟ್ಟು ಸಂಬಳಕ್ಕೆ ಅವಳನ್ನು ಕರೆದು, ಹೊಸ ವರ್ಷದವರೆಗೆ ಕುರ್ಚಿ ಕಾಯ್ದಿರಿಸಿತ್ತು. ಅಲ್ಲಿ ಸೇರಿದ ದಿನವೇ ಅಮ್ಮನ ದುಡಿಮೆ ಬಿಡಿಸುವುದಾಗಿ ಟ್ಯಾಮ್ರಾ ಮಾತು ಕೊಟ್ಟಿದ್ದಳು. ಅರವತ್ತನಾಲ್ಕರ ವರ್ನಾ ಸವೆದ ಮೊಣಕಾಲು ಎಳೆದುಕೊಂಡು ಇನ್ನೂ ಬೆಳಗಿನ ಐದಕ್ಕೆ ಶಾಲೆಯ ಅಡುಗೆಮನೆಯಲ್ಲಿ ಒಲೆ ಹಚ್ಚುತ್ತಿದ್ದಳು.

ಶುಕ್ರವಾರ ಟ್ಯಾಮ್ರಾ ಸಾಲದ ಕಂಪನಿಗೆ ಫೋನು ಮಾಡಿದಳು. ಆ ಕಡೆಯ ಹುಡುಗಿ ಬಲು ವಿನಯದಿಂದ ಲೆಕ್ಕ ನೋಡಿ, ನಿಮ್ಮದು ಎಣಿಕೆಗೆ ಬಂದದ್ದು ಎಪ್ಪತ್ತೆರಡು ಕಂತು ಅಂದಳು. ನೂರಿಪ್ಪತ್ತೂ ನನ್ನ ಬ್ಯಾಂಕ್ ಖಾತೆಯಿಂದ ಹೋಗಿವೆ ಎಂದು ಟ್ಯಾಮ್ರಾ ವಾದಿಸಿದಳು. ಹೋಗಿವೆ, ನಿಜ ಅಂದಳು ಹುಡುಗಿ. ಆದರೆ ಅವುಗಳ ಜೊತೆಗೆ ನಾಲ್ಕು ವರ್ಷ, ಪ್ರತಿ ಫೆಬ್ರವರಿಯಲ್ಲಿ, ಮುಂದಿನ ಹನ್ನೆರಡು ತಿಂಗಳಿನ ದುಡ್ಡು ಒಟ್ಟಿಗೇ ಬಂದು ಬಿದ್ದಿದೆ. ಮುಂಗಡ ಬಂದ ಮೇಲೆ ಆ ತಿಂಗಳುಗಳಲ್ಲಿ ನೀವು ಕಟ್ಟಬೇಕಾದ ಬಾಕಿ ಸೊನ್ನೆ. ಬಾಕಿಯೇ ಇಲ್ಲದ ತಿಂಗಳಲ್ಲಿ ಕಟ್ಟಿದ್ದು ಎಣಿಕೆಗೆ ಬರುವುದಿಲ್ಲ. ನಲವತ್ತೆಂಟು ತಿಂಗಳು ಹಾಗೆ ಹೋಗಿವೆ.

ಆ ಮುಂಗಡ ಯಾರು ಕಳಿಸಿದ್ದು ಎಂದು ಟ್ಯಾಮ್ರಾ ಕೇಳಿದಳು. ಅಂಚೆಯ ಮನಿಯಾರ್ಡರು, ಹೆಸರು ವರ್ನಾ ಸ್ಕ್ಯಾಗ್ಸ್ ಅಂತಿದೆ ಅಂದಳು ಹುಡುಗಿ.

ಕಾಲೇಜಿಗೆ ಸೇರುವಾಗ ಟ್ಯಾಮ್ರಾ ಸಾಲದ ಅರ್ಜಿಯಲ್ಲಿ ಅಮ್ಮನ ಮನೆಯ ವಿಳಾಸ ಕೊಟ್ಟಿದ್ದಳು, ಬದಲಾಯಿಸಿರಲಿಲ್ಲ. ಬಿಲ್ಲುಗಳೆಲ್ಲ ಅಲ್ಲಿಗೇ ಹೋಗುತ್ತಿದ್ದವು. ಸಂಬಳಕ್ಕೆ ತಕ್ಕಂತೆ ಗೊತ್ತುಮಾಡಿದ ಸಣ್ಣ ಕಂತು ಬಡ್ಡಿಗೂ ಸಾಲದೆ, ಒಂದು ಲಕ್ಷ ಹದಿನೆಂಟು ಸಾವಿರ ಒಂದು ಲಕ್ಷ ನಲವತ್ತು ಸಾವಿರ ದಾಟಿತ್ತು. ಕಟ್ಟಿದಷ್ಟೂ ಬೆಳೆಯುವ ಸಾಲ ನೋಡಿ ವರ್ನಾ ನಿದ್ದೆಗೆಟ್ಟಿರಬೇಕು. ವರ್ನಾಳ ಅಪ್ಪ ಗಣಿ ಕಂಪನಿಯ ಅಂಗಡಿಯಲ್ಲಿ ಉದ್ದರಿ ತಂದು, ತೀರಿಸಲಾಗದೆ ಸತ್ತವನು. ಅಂದಿನಿಂದ ಬಾಡಿಗೆಯಾಗಲಿ, ಕರೆಂಟಾಗಲಿ, ಕಡೆಗೆ ತನ್ನ ಶವಪೆಟ್ಟಿಗೆಯ ದುಡ್ಡಾಗಲಿ, ವರ್ನಾ ಎಲ್ಲವನ್ನೂ ಮುಂಗಡವೇ ಕಟ್ಟುವವಳು. ಅಂಥವಳು ಮಗಳ ಸಾಲವನ್ನು ಬಿಟ್ಟಾಳೆಯೇ?

ಮೊದಲು ಬಂದದ್ದು ಸಿಟ್ಟು, ಅದೂ ಅಮ್ಮನ ಮೇಲೆ. ಹೇಳದೆ ಕೇಳದೆ ಯಾಕೆ ಕೈ ಹಾಕಿದಳು ಎಂದು ಟ್ಯಾಮ್ರಾ ಕಾರಿನಲ್ಲಿ ಒಬ್ಬಳೇ ಕೂತು ಕಿರುಚಿದಳು. ಆಮೇಲೆ ಆ ಸಿಟ್ಟಿಗೇ ನಾಚಿಕೆಯಾಯಿತು. ವರ್ಷಕ್ಕೊಮ್ಮೆ ತನ್ನ ಕಚೇರಿಯಲ್ಲಿ ಒಂದು ಅರ್ಜಿಗೆ ಸಹಿ ಮಾಡಿಸಿ ಸಾಲದ ಕಂಪನಿಗೆ ಕಳಿಸಿದ್ದರೆ ಎಷ್ಟು ಕಂತು ಎಣಿಕೆಗೆ ಬಂತೆಂದು ಅಂದೇ ತಿಳಿಯುತ್ತಿತ್ತು. ಎಲ್ಲವನ್ನೂ ಕೊನೆಗೆ ಒಟ್ಟಿಗೆ ಮಾಡಿದರಾಯಿತು ಎಂದು ಕೂತವಳು ಅವಳೇ.

ಭಾನುವಾರ ಚರ್ಚು ಮುಗಿಸಿ ಅಮ್ಮನ ಮನೆಗೆ ಊಟಕ್ಕೆ ಹೋದಳು. ತಪ್ಪನ್ನೆಲ್ಲ ತನ್ನ ತಲೆಗೆ ಕಟ್ಟಿಕೊಳ್ಳುವುದೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಒಲೆಯ ಮೇಲೆ ಹಂದಿಮಾಂಸದ ತುಂಡು ಹಾಕಿದ ಬೀನ್ಸ್ ಕುದಿಯುತ್ತಿತ್ತು. ಮೇಜಿನ ಮೇಲೆ ಅರ್ಧ ಕೇಕು. ಕ್ರಿಸ್‌ಮಸ್ಸಿಗೆ ಕೆಲಸ ಬಿಡುವುದಾಗಿ ವರ್ನಾ ಹೇಳಿದ್ದೇ ತಡ, ಶಾಲೆಯ ಅಡುಗೆಮನೆಯ ಹೆಂಗಸರು ಎರಡು ತಿಂಗಳು ಮೊದಲೇ ಬೀಳ್ಕೊಡುಗೆಯ ಕೇಕು ಮಾಡಿ ತಿನ್ನಿಸಿದ್ದರು.

"ಯಾಕೇ, ಮುಖ ಹಿಂಗೆ ಬಾಡಿಸ್ಕೊಂಡಿದೀಯಾ? ಮುಗೀತಲ್ಲ ಸಾಲದ ಶನಿ?" ಅಂದಳು ವರ್ನಾ.

"ಮುಗೀಲಿಲ್ಲಮ್ಮ. ಅರ್ಜಿ ತುಂಬೋದ್ರಲ್ಲಿ ನಾನೇ ಎಡವಟ್ಟು ಮಾಡ್ಕೊಂಡೆ. ಇನ್ನೂ ನಾಲ್ಕು ವರ್ಷ ಇಲ್ಲೇ ಇರ್ಬೇಕು."

ವರ್ನಾ ಸೌಟು ಕೆಳಗಿಟ್ಟಳು. "ಅಷ್ಟು ದುಡ್ಡು ಸುರಿದು ಕಾನೂನು ಓದಿದೋಳಿಗೆ ಒಂದು ಅರ್ಜಿ ತುಂಬಕ್ಕೆ ಬರಲ್ವೇನೇ? ನಮ್ಮ ಶಾಲೆ ಅಡುಗೆಮನೇಲಿ ಹಾಲಿನ ಲೆಕ್ಕ ಬರಿಯೋಳು ಹೈಸ್ಕೂಲೂ ಮುಗಿಸಿಲ್ಲ. ಒಂದು ಚೀಟಿ ತಪ್ಪಿಲ್ಲ ಅವಳು."

ಟ್ಯಾಮ್ರಾ ತಲೆ ತಗ್ಗಿಸಿ ಬೈಸಿಕೊಂಡಳು. ಬೈಗುಳ ಹಿತವಾಗಿಯೇ ಇತ್ತು. ರಾಜಧಾನಿಯ ಕೆಲಸ ಹೋಯಿತಲ್ಲ, ನಿನ್ನ ಅಪ್ಪನದೇ ಉಡಾಫೆ ನಿನಗೂ ಬಂತಲ್ಲ ಎಂದು ವರ್ನಾ ಒಂದಷ್ಟು ಹೊತ್ತು ಗೊಣಗಿದಳು. ಗೊಣಗಿ ಸುಸ್ತಾದ ಮೇಲೆ ಮಗಳ ಮುಖ ನೋಡಿದಳು. ಅವಳ ಸಿಟ್ಟು ಹಾಲಿನ ಉಕ್ಕಿನ ಹಾಗೆ, ಏರಿದಷ್ಟೇ ಬೇಗ ಇಳಿಯುತ್ತಿತ್ತು. ಎದ್ದು ಹೋಗಿ ಕಪಾಟಿನ ಮೇಲಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದಳು.

"ಸಾಲ ತೀರಿದ ದಿನ ತೋರಿಸ್ಬೇಕು ಅಂತ ಇಟ್ಟಿದ್ದೆ. ಇವತ್ತೇ ನೋಡು. ನೀನೊಬ್ಳೇ ಹೊತ್ತಿಲ್ಲ ಕಣೇ."

ಡಬ್ಬಿಯಲ್ಲಿ ನಾಲ್ಕು ರಸೀದಿ, ಒಂದೊಂದಕ್ಕೂ ಒಂದೊಂದು ರಬ್ಬರ್ ಬ್ಯಾಂಡು. ವರ್ಷವಿಡೀ ಆಪಲ್ ಪೈ ಮಾಡಿ ಮಾರಿದ್ದು, ಫೆಬ್ರವರಿಯಲ್ಲಿ ಸರ್ಕಾರ ವಾಪಸು ಕೊಟ್ಟ ತೆರಿಗೆ ಹಣ, ಎಲ್ಲ ಸೇರಿಸಿ ಕಳಿಸಿದ್ದೆ ಎಂದು ವರ್ನಾ ವಿವರಿಸಿದಳು. ಅವಳ ಮುಖದಲ್ಲಿ ಎಂಥ ಹೆಮ್ಮೆ ಇತ್ತೆಂದರೆ ಟ್ಯಾಮ್ರಾಳಿಗೆ ಅತ್ತ ನೋಡಲಾಗಲಿಲ್ಲ.

"ಹೆದರ್ಬೇಡ. ಬರೋ ಫೆಬ್ರವರಿಗೆ ಇನ್ನೂ ಜಾಸ್ತಿ ಕಳಿಸ್ತೀನಿ."

ಸುಳ್ಳು ಅಲ್ಲಿಗೆ ಮುಗಿಯಿತು. ಸುಮ್ಮನಿದ್ದರೆ ಇನ್ನೂ ಹನ್ನೆರಡು ತಿಂಗಳು ಹೋಗುತ್ತವೆ, ಅದರ ಮುಂದಿನ ಫೆಬ್ರವರಿಗೆ ಮತ್ತೆ ಹನ್ನೆರಡು.

"ಕಳಿಸ್ಬೇಡಮ್ಮ."

"ಯಾಕೆ? ಅವರಿಗೆ ಸೇರ್ತಿರ್ಲಿಲ್ವಾ?"

"ಸೇರ್ತಿತ್ತು."

"ಮತ್ತೆ?"

ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಒಂದು ಮಾತು ಹೆಚ್ಚು ಆಡಬೇಡ ಎಂದು ಸಾಕ್ಷಿಗಳಿಗೆ ಪಾಠ ಹೇಳುವವಳು ಟ್ಯಾಮ್ರಾ. ಈಗ ಕಣ್ಣು ತುಂಬಿಕೊಂಡು, ರಸೀದಿಗಳನ್ನು ಅಮ್ಮನ ಕಡೆಗೆ ಸರಿಸಿದಳು. ವರ್ನಾ ಮಗಳನ್ನು ನೋಡಿದಳು, ರಸೀದಿ ನೋಡಿದಳು. ಬೆರಳಿಟ್ಟು ಎಣಿಸಿದಳು.

"ನಾಲ್ಕು. ನಾಲ್ಕು ವರ್ಷ," ಅಂದಳು. ರಸೀದಿ ಕೆಳಗಿಟ್ಟು, "ಮುಂಚೆ ಕಟ್ಟಿದ್ರೆ ತಪ್ಪಾ?" ಎಂದು ಕೇಳಿದಳು.

ಟ್ಯಾಮ್ರಾ ನಿಯಮವನ್ನು ಆದಷ್ಟು ಸರಳವಾಗಿ ಬಿಡಿಸಿ ಹೇಳಿದಳು. ನಿನ್ನ ತಪ್ಪಲ್ಲ, ನನ್ನದು ಎಂದೂ ಹೇಳಿದಳು. ವರ್ನಾ ಕೇಳಿಸಿಕೊಂಡಳೋ ಇಲ್ಲವೋ. ಡಬ್ಬಿಯ ತಳದಿಂದ ಒಂದು ಲಕೋಟೆ ತೆಗೆದಳು. ಐದರ, ಹತ್ತರ ನೋಟುಗಳಿಂದ ಅದು ಉಬ್ಬಿಕೊಂಡಿತ್ತು.

"ಈ ವರ್ಷದ್ದು. ಇದನ್ನ ಏನ್ಮಾಡ್ಲೇ?"

ಮೊಣಕಾಲಿಗೆ ಡಾಕ್ಟರ ಹತ್ತಿರ ಹೋಗು ಅಂದಳು ಟ್ಯಾಮ್ರಾ. ವರ್ನಾ ಲಕೋಟೆಯನ್ನು ಡಬ್ಬಿಗೆ ಹಾಕಿ, ಮೇಜು ಹಿಡಿದು ಎದ್ದು, ಗೋಡೆಯ ಫೋನಿನಲ್ಲಿ ಅಡುಗೆಮನೆಯ ಮೇಲ್ವಿಚಾರಕಿಯ ನಂಬರು ತಿರುಗಿಸಿದಳು.

"ಲೀಟಾ, ನಾನು ವರ್ನಾ. ನನ್ನ ಜಾಗಕ್ಕೆ ಯಾರನ್ನೂ ಹುಡುಕ್ಬೇಡ ಕಣೇ. ಕ್ರಿಸ್‌ಮಸ್ ಆದ್ಮೇಲೂ ಬರ್ತೀನಿ... ಇಲ್ಲಮ್ಮ, ಏನೂ ಆಗಿಲ್ಲ. ಮನೇಲಿ ಕೂತು ಏನ್ಮಾಡ್ಲಿ? ಕೇಕ್ ಮಾತ್ರ ವಾಪಸ್ ಕೇಳ್ಬೇಡಿ, ಅರ್ಧ ತಿಂದಾಯ್ತು."

ಆ ಕಡೆ ಲೀಟಾ ನಕ್ಕದ್ದು ಟ್ಯಾಮ್ರಾಳಿಗೂ ಕೇಳಿಸಿತು. ವರ್ನಾ ಕೂಡ ನಕ್ಕಳು. ನಗುತ್ತಲೇ, ಮುಚ್ಚಿಯಾಗಿದ್ದ ಡಬ್ಬಿಯ ಮುಚ್ಚಳವನ್ನು ಎಡಗೈಯಿಂದ ಒತ್ತಿ ಒತ್ತಿ ಮುಚ್ಚುತ್ತಿದ್ದಳು.