ಹಂಪಕ್ಕನ ಮನೆ ಮುಂದೆ ಹಾರ್ನ್

ನಸುಕಿನಲ್ಲಿ ಕಾಲುವೆಯ ಮಂಜು ರಸ್ತೆಗೆ ಹತ್ತಿ ಬಂದಾಗ ಮರುಳಸಿದ್ದಪ್ಪನಿಗೆ ತಾನು ಓಡಿಸುತ್ತಿರುವುದು ಆಟೋ ಅಲ್ಲ, ತೆಪ್ಪ ಅನ್ನಿಸುತ್ತಿತ್ತು.

ಅರವತ್ತೆಂಟು ವರ್ಷ. ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿತ್ತು, ಇನ್ನೊಂದರದು ಬಲಿಯುತ್ತಿತ್ತು. ಬೊಮ್ಮನಹಾಳ್ ಕಡೆಯ ತನ್ನ ಊರಿನಿಂದ ದಿನಾ ಒಂಬತ್ತು ಹೆಂಗಸರನ್ನು ರಾಯದುರ್ಗದ ಜೀನ್ಸ್ ಕಾರ್ಖಾನೆಗೆ ಮುಟ್ಟಿಸಿ ಸಂಜೆ ವಾಪಸು ತರುವುದು ಅವನ ಕೆಲಸ. ಪ್ರತಿ ಮನೆಯ ಮುಂದೆ ಎರಡು ಸಲ ಹಾರ್ನ್. ಮೊದಲನೆಯದಕ್ಕೆ ಬುತ್ತಿ ಕಟ್ಟಬೇಕು, ಎರಡನೆಯದಕ್ಕೆ ಹೊಸಿಲು ದಾಟಬೇಕು.

ಈ ಕೆಲಸ ಬಿಡುವುದನ್ನು ಅವನು ಯೋಚಿಸಿರಲಿಲ್ಲ ಅಂತಲ್ಲ. ಹೆಂಡತಿ ಶಂಕ್ರಮ್ಮನ ಮುಂದೆ ಸಾಲಾಗಿ ಹೇಳಿಟ್ಟಿದ್ದ. ಮೊದಲು ಕತ್ತಲ ಟ್ರಿಪ್ಪು ಬಿಡುವುದು, ಆಮೇಲೆ ಲಾರಿ ಓಡಾಡುವ ರಸ್ತೆ, ಕೊನೆಗೆ ಆಟೋ. ಯಾವಾಗ ಅಂತ ಮಾತ್ರ ಹೇಳಿರಲಿಲ್ಲ. ಆ ಮಾತು ತನ್ನ ಬಾಯಿಂದಲೇ ಬರಬೇಕು, ಇನ್ನೊಬ್ಬರು ಕೀಲಿ ಕಿತ್ತುಕೊಳ್ಳುವ ದಿನ ಬರಬಾರದು ಅನ್ನುವುದೊಂದೇ ಹಟ. ಹಲ್ಲು ಬಿದ್ದ ಮೇಲೆ ಕಡಲೆ ಬಿಟ್ಟೆ ಅಂದ ಹಾಗೆ ಆಗದಿದ್ದರೆ ಸರಿ ಅಂತ ಶಂಕ್ರಮ್ಮ ನಕ್ಕಿದ್ದಳು.

ಮಾಘದ ಒಂದು ಬೆಳಗ್ಗೆ ಮಂಜು ಹೆಚ್ಚಾಗಿತ್ತು. ಬೇವಿನ ಮರ ತೇಲುತ್ತಿತ್ತು, ಗೋಡೆಗಳಿಗೆ ಬುಡವಿರಲಿಲ್ಲ. ಆರು ಜನ ಹತ್ತಿದ ಮೇಲೆ ಅವನು ಹಂಪಕ್ಕನ ಮನೆ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದ. ಮಂಜಿನೊಳಗಿಂದ ಹಂಪಕ್ಕ ಜಡೆ ಹೆಣೆಯುತ್ತ ಬರುವುದು ಸ್ಪಷ್ಟವಾಗಿ ಕಂಡಿತು. ಎರಡನೇ ಹಾರ್ನ್ ಹೊಡೆದ. ಮಂಜು ಸ್ವಲ್ಪ ಸರಿಯಿತು. ಬಾಗಿಲಿಗೆ ಬೀಗವಿತ್ತು. ಹಂಪಕ್ಕ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗಿ ಎರಡು ವರ್ಷವಾಗಿತ್ತು.

ಹಿಂದೆ ಯಾರೂ ನಗಲಿಲ್ಲ. ಅದೇ ಅವನನ್ನು ಹೆದರಿಸಿತು. ಕಾದು ರೂಢಿಯಾದವರ ಹಾಗೆ ಸುಮ್ಮನೆ ಕೂತಿದ್ದರು.

ಎಷ್ಟು ದಿನದಿಂದ ಹೀಗೆ ಎಂದು ಪಕ್ಕದಲ್ಲಿದ್ದ ಉಷಾರಾಣಿಯನ್ನು ಕೇಳಿದ. ಅವಳು ಕಾರ್ಖಾನೆಯಲ್ಲಿ ಗುಂಡಿಯ ಕಾಜಾ ಹೊಲಿಯುವವಳು, ಮಾತಿಗೆ ಹೆದರುವವಳಲ್ಲ.

"ದಸರಾದಿಂದ್ರಿ ಮಾವ. ವಾರಕ್ಕ ಎರಡು ಸಲ."

"ಹೇಳಬಾರದೇನ?"

"ಹೇಳಿದ್ರ ನೀವು ಆಟೋ ಬಿಟ್ಟುಬಿಡ್ತೀರಿ. ಎಂಟೂವರೆಗೆ ಗೇಟ್ ಹಾಕ್ತಾರ, ಬಸ್ ಮುಟ್ಟೋದು ಒಂಬತ್ತಕ್ಕ. ನೀವು ನಿಂತ್ರ ನಮ್ಮ ಕೆಲಸಾನೂ ನಿಂತಂಗ್ರಿ."

ಉಳಿದದ್ದೂ ಹೊರಬಿತ್ತು. ಮುಂದಿನ ಸೀಟಿಗೆ ಅವರು ಪಾಳಿ ಹಚ್ಚಿಕೊಂಡಿದ್ದರು. ಕೂತವಳು ನಿದ್ದೆ ಮಾಡುವಂತಿಲ್ಲ. ಎದುರಿಗೆ ಲಾರಿ ಬಂದರೆ ಕೆಮ್ಮಬೇಕು, ಕುರಿ ಹಿಂಡು ಬಂದರೆ ಕುರಿಯವನನ್ನು ಜೋರಾಗಿ ಬೈಯಬೇಕು. ಅವರಲ್ಲೊಬ್ಬಳಾದ ಉಜ್ಜಿನಮ್ಮನಿಗೆ ನೆಗಡಿ ಎಂದೇ ಅವನು ತಿಳಿದಿದ್ದ. ಶುಂಠಿ ಬೇರೆ ತಂದುಕೊಟ್ಟಿದ್ದ.

ತನ್ನ ಮರ್ಯಾದೆಗೆ ಸುಮ್ಮನಿದ್ದರೆಂದರೆ ಸಹಿಸಬಹುದಿತ್ತು. ಇವರಿಗೆ ಬೇಕಿದ್ದದ್ದು ಗೇಟು ಹಾಕುವ ಮೊದಲು ಮುಟ್ಟುವುದು. ಅದಕ್ಕಾಗಿ ಒಂಬತ್ತು ಜೀವ ಅವನ ಅರ್ಧ ಕಣ್ಣನ್ನು ನಂಬಿ ಬಂದಿದ್ದವು. ಕೀಲಿಯನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಕೆಮ್ಮಿ ಕೆಮ್ಮಿ ತಾವೇ ಓಡಿಸಿದ್ದರು.

ಅವನು ಎಂಜಿನ್ ಆರಿಸಿದ. ಮಂಜು ಹರಿಯುವ ತನಕ ಗಾಡಿ ಕದಲುವುದಿಲ್ಲ ಅಂದ. ಅರ್ಧ ದಿನದ ಕೂಲಿ ಹೋಯಿತೆಂದು ಹೆಂಗಸರು ಗೊಣಗಿದರು. ಗೊಣಗಲಿ ಎಂದು ಬಿಟ್ಟ. ಆಮೇಲೆ ಉಷಾರಾಣಿಯ ಕಡೆ ತಿರುಗಿದ.

"ನೀ ಕಲಿ. ಲೈಸೆನ್ಸ್ ಬಂದ ದಿನ ನಾ ಇಳೀತೀನಿ. ಅಲ್ಲಿ ತನಕ ಬೆಳಕಿದ್ದಾಗ ಅಷ್ಟ. ನಿಮ್ಮ ಮೇಸ್ತ್ರಿಗೆ ನಾನೇ ಬಂದು ಹೇಳ್ತೀನಿ."

"ಹೆಣ್ಣಮಕ್ಕಳು ಆಟೋ ಓಡಿಸಿದ್ರ ಊರು ನಗ್ತದ್ರಿ."

"ನಗೋರು ಬಸ್ಸಿಗೆ ಹೋಗ್ಲಿ."

ಭಾನುವಾರ ಒಣಗಿದ ಕೆರೆಯಂಗಳದಲ್ಲಿ ಉಷಾರಾಣಿ ಆಟೋದ ಹ್ಯಾಂಡಲ್ ಹಿಡಿದಳು. ಅವನು ಪಕ್ಕದಲ್ಲಿ ಕೂತ. ರಸ್ತೆಯಿಲ್ಲ, ತಿರುವಿಲ್ಲ. ಆಟೋ ಸುತ್ತು ಹೊಡೆದಷ್ಟೂ ಧೂಳು ಮೇಲೆದ್ದು ಸಂಜೆಯ ಬಿಸಿಲಿನಲ್ಲಿ ಹಳದಿಯಾಗಿ ನಿಂತಿತು. ಮುಂದೆ ಒಂದು ಕರಿ ಬಂಡೆ ಇತ್ತು. ಉಷಾರಾಣಿ ಅದನ್ನು ದೂರದಿಂದಲೇ ಬಳಸಿ ಹೋದಳು. ಅವನು ತಿರುಗಿ ನೋಡಿದ. ಬಂಡೆ ಎದ್ದು ನಿಂತು, ಮೈ ಕೊಡವಿ, ಬಾಲ ಬೀಸುತ್ತ ಊರಿನ ಕಡೆ ನಡೆಯಿತು.