ಮುಷ್ಟಿಯ ಅಳತೆ

“ಏ ರಂಡೆ, ಮುಂದ ಹೋಗಿ ಕೂಡು. ಖುರ್ಚಿ ಖಾಲಿ ಕಂಡ್ರ ಶೇಠ ನನ್ನ ಚರ್ಮ ಸುಲೀತಾನ,” ಎಂದು ಕೂಲಿಯವರ ಮುಕಾದಮ ಶಿವಪ್ಪ ರುದ್ರವ್ವನ ಬೆನ್ನಿಗೆ ಗುದ್ದಿದ. ಸಾಸವಡ ರಸ್ತೆಯ, ಜಲ್ಲಿ ಒಡೆಯುವ ಖಡಿ ಕ್ವಾರಿಯಿಂದ ಇಪ್ಪತ್ತು ಹೆಂಗಸರನ್ನು ಟೆಂಪೋದಲ್ಲಿ ತುಂಬಿ ಸಭೆಗೆ ತಂದಿದ್ದ. ಕೂಡುವುದು, ಚಪ್ಪಾಳೆ ಹೊಡೆಯುವುದು, ಇಷ್ಟೇ ಕೆಲಸ. ಬಾಯಿ ಬಿಟ್ಟವರ ಗುಡಿಸಲು ಸಂಜೆಯೊಳಗೆ ನೆಲಸಮ ಎಂದೂ ಹೇಳಿದ್ದ.

ಚುನಾವಣೆ ಸೋತವರ ಸಿಟ್ಟಿಗೆ ಪುಣೆಯ ಓಣಿಗಳಲ್ಲಿ ಕಲ್ಲು ತೂರಾಟ ನಡೆದು ವರ್ಷವಾದ ಮೇಲೆ ದಿಲ್ಲಿಯಿಂದ ಶಾಂತಿ ಆಯೋಗ ಬಂದಿತ್ತು. ಯಾರ ಹಂಗೂ ಇಲ್ಲದ ಸ್ವತಂತ್ರ ಆಯೋಗವಂತೆ. ಸಭೆ ಸೇರಿದ್ದ ಮಂಗಲ ಕಾರ್ಯಾಲಯ ಮಾತ್ರ ಕ್ವಾರಿಯ ಮಾಲೀಕ ವಿಕ್ರಮ ಶೇಠನದು, ಊಟವೂ ಅವನದೇ. ಹಾಗಾಗಿ ವೇದಿಕೆಯ ಮೇಲೆ ಅವನಿಗೂ ಒಂದು ಖುರ್ಚಿ, ಹೆಗಲಿಗೆ ಶಾಲು.

ಸಾಕ್ಷಿಯ ಖುರ್ಚಿಯಲ್ಲಿ ಇಂದೂ ಕೂತಿದ್ದಳು. ಕ್ವಾರಿಯ ಬಾಯಲ್ಲಿ ಚಹಾ ಮಾರುತ್ತಿದ್ದವಳು, ರುದ್ರವ್ವನ ಬಾಣಂತನಕ್ಕೆ ನೀರು ಕಾಯಿಸಿ ಕೊಟ್ಟವಳು. ಎಡಗಣ್ಣಿದ್ದ ಜಾಗದಲ್ಲಿ ಈಗ ಹೊಲಿಗೆ. ಎಸೆದವರನ್ನು ನೋಡಲಿಲ್ಲ ಎಂದಳು. ಆಯೋಗದ ಅಧ್ಯಕ್ಷೆ ಶಾಮಲಾ ಬೆಳಗಾವಿ ಕಡೆಯವರು. ಇಂದೂಗೆ ಬಡಿದಿದ್ದ, ಈಗ ಪ್ಲಾಸ್ಟಿಕ್ ಚೀಲದಲ್ಲಿದ್ದ ಕಲ್ಲನ್ನು ಎತ್ತಿ ತೋರಿಸಿ, ಗುಡ್ಡದ ಕಲ್ಲು, ಸಿಟ್ಟಿನ ಭರದಲ್ಲಿ ಯಾರೋ ಆರಿಸಿ ಎಸೆದಿದ್ದಾರೆ, ಕ್ಷಮಿಸಿ ಮುಂದೆ ಸಾಗೋಣ ಎಂದರು. ಮೊದಲು ಚಪ್ಪಾಳೆ ತಟ್ಟಿದವನು ಶೇಠ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ರುದ್ರವ್ವ ತನ್ನ ಅಂಗೈ ನೋಡಿಕೊಂಡಳು. ಆ ಕಲ್ಲು ಅವಳು ಒಡೆದದ್ದು. ರಸ್ತೆಯ ಖಡಿ ಕೋಳಿಮೊಟ್ಟೆಗಿಂತ ಸಣ್ಣದು. ಗಲಾಟೆಗೆ ಮುಂಚಿನ ವಾರ ಶೇಠ ತಾನೇ ಬಂದು ಮುಷ್ಟಿ ಹಿಡಿದು ತೋರಿಸಿ, ಇಷ್ಟು ದೊಡ್ಡದು ಬೇಕು ಎಂದಿದ್ದ. ಯಾವ ರಸ್ತೆಗೆಂದು ಅವಳು ಕೇಳಲಿಲ್ಲ. ಕೇಳದಿದ್ದರೂ ಗೊತ್ತಿತ್ತು. ಗೊತ್ತಿದ್ದೂ, ಹಿಡಿದವರ ಅಂಗೈ ಕೊಯ್ಯಬಾರದೆಂದು ಪ್ರತಿ ಕಲ್ಲಿನ ಒಂದು ಮಗ್ಗುಲ ಚೂಪನ್ನು ಸುತ್ತಿಗೆಯಿಂದ ತಟ್ಟಿ ತೆಗೆದಿದ್ದಳು. ಕೆಟ್ಟ ಕೆಲಸವನ್ನೂ ಚೊಕ್ಕ ಮಾಡುವ ಈ ಕೈಗೆ ಬೆಂಕಿ ಬೀಳಲಿ ಎಂದು ವರ್ಷವಿಡೀ ಶಪಿಸಿಕೊಂಡಿದ್ದಳು. ಇಂದೂಳನ್ನು ನೋಡಲು ಆಸ್ಪತ್ರೆಗೆ ಮಾತ್ರ ಒಮ್ಮೆಯೂ ಹೋಗಿರಲಿಲ್ಲ.

ಎದ್ದು ನಿಂತಳು. ಶಿವಪ್ಪ ಸೆರಗು ಜಗ್ಗಿದ, ಕೊಸರಿಕೊಂಡಳು. ಮರಾಠಿಯಲ್ಲಿ ಶುರುವಾದ ಮಾತು ತಾನಾಗಿ ಕನ್ನಡಕ್ಕೆ ಹೊರಳಿತು.

“ಅದು ಗುಡ್ಡದ ಕಲ್ಲಲ್ರಿ ಬಾಯಾರ. ನಾ ಒಡದದ್ದು. ಒಂದ ಮಗ್ಗಲ ಮುಟ್ಟಿ ನೋಡ್ರಿ, ನುಣ್ಣಗ ಅದ. ಒಗ್ಯಾವ್ರ ಕೈಗೆ ಹತ್ತಬಾರದಂತ ನಾನ ತಟ್ಟೀನಿ. ಅಳತಿ ಕೊಟ್ಟಾವ ನಿಮ್ಮ ಬಾಜೂಕ ಕೂತಾನ.”

ಹುಚ್ಚಿ, ಕುಡಿದಾಳ ಎಂದು ಶಿವಪ್ಪ ಕೂಗಿದ. ಶಾಮಲಾ ಚೀಲದೊಳಗೆ ಕೈ ಹಾಕಿದರು. ಅವರ ಬೆರಳು ನುಣುಪಾದ ಮಗ್ಗುಲಿಗೆ ಬಂದು ನಿಂತಿತು.

ರುದ್ರವ್ವ ವೇದಿಕೆ ಹತ್ತಿ ಅವರ ಕೈಯಿಂದ ಕಲ್ಲು ಇಸಿದುಕೊಂಡಳು.

“ಶೇಠ, ಕೈ ಬಿಚ್ಚು. ಅಳತಿ ಕೂಡ್ತದೇನ ನೋಡೂಣು.”

ಶೇಠ ಎರಡೂ ಕೈ ಶಾಲಿನೊಳಗೆ ಎಳೆದುಕೊಂಡ. ಬಾಗಿಲಲ್ಲಿ ಶಿವಪ್ಪ ಫೋನು ಕಿವಿಗಿಟ್ಟು ಜೆಸಿಬಿಯವನನ್ನು ಕರೆಯುತ್ತಿದ್ದ.

ಸಭೆಯೆಲ್ಲ ಶೇಠನನ್ನೇ ನೋಡುತ್ತಿತ್ತು. ಕ್ವಾರಿಯವರಿಗೆ ಚಹಾ ಮಾರಿ ಮಾರಿ ಕನ್ನಡ ಕಲಿತಿದ್ದ ಇಂದೂಗೆ ತರ್ಜುಮೆ ಬೇಕಿರಲಿಲ್ಲ. ಅವಳು ಉಳಿದ ಒಂದು ಕಣ್ಣಿನಿಂದ ರುದ್ರವ್ವನನ್ನು ನೋಡುತ್ತಿದ್ದಳು.