ಸೂರಿನಡಿಯ ಮೂರು ಬಿರುಕು

ಚರ್ಚಿನ ಗೋಡೆ ದುರಸ್ತಿಗೆ ಬಂದಿದ್ದ ಗಾರೆಯವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬರುವ ಸೋಮವಾರದಿಂದ ಶಾಲೆಯ ಕಟ್ಟಡದ ಕೆಲಸ ಒಪ್ಪಿಕೊಂಡಿದ್ದ. ಇಲ್ಲಿ ನೋಡಿದರೆ ಸೂರಿನಡಿಯ ಮೂರು ಬಿರುಕುಗಳಿಗೆ ಕೈ ಹಚ್ಚುವಂತಿರಲಿಲ್ಲ. ಅವುಗಳೊಳಗೆ ಅಂಬರಗುಬ್ಬಿಗಳು ಮರಿ ಮಾಡಿದ್ದವು. ಮರಿಗಳು ಹಾರುವವರೆಗೆ ಕಾಯಬೇಕೆಂದು ಸಭೆಯವರು ಸೇರಿ ತೀರ್ಮಾನಿಸಿದ್ದರು. ಚರ್ಚು ಗುಡಿಸುವ ಅವನ ಅಕ್ಕನೇ ಏಣಿ ಹತ್ತಿ ಮೂರರ ಪಕ್ಕದಲ್ಲೂ ಸೀಮೆಸುಣ್ಣದಿಂದ ಶಿಲುಬೆ ಬರೆದಿದ್ದಳು.

"ಇನ್ನೆಷ್ಟು ದಿನ ಅಕ್ಕ?"

"ಮೂರು ವಾರ ಅಂದ್ಕೋ."

"ಅಷ್ಟರಲ್ಲಿ ನನ್ನ ತಲೆ ಹಣ್ಣಾಗುತ್ತೆ."

"ಈಗೇನು ಕಾಯಾಗಿದೆಯಾ?" ಎಂದು ಅಕ್ಕ ಪೊರಕೆ ಎತ್ತಿಕೊಂಡು ಒಳಗೆ ಹೋದಳು.

ಬುಧವಾರ ಮಧ್ಯಾಹ್ನ ಪಾದ್ರಿ ಯಾರೋ ಕಾಯಿಲೆಯವರನ್ನು ನೋಡಲು ಹೋಗಿದ್ದರು. ಗಾರೆಯವನು ಮೇಲೆ ಹತ್ತಿ, ಮೂಲೆಯ ಶಿಲುಬೆಯನ್ನು ಅಂಗೈಯಲ್ಲಿ ಒರೆಸಿ, ಬಿರುಕಿಗೆ ಗಾರೆ ತುಂಬಿದ. ಒಳಗಿನಿಂದ ಸದ್ದು ಬರಲಿಲ್ಲ. ಬರಲಿಲ್ಲ ಎಂದೇ ಅಂದುಕೊಂಡ.

ಕೆಳಗಿಳಿದು ಬುತ್ತಿ ಬಿಚ್ಚಿದ. ಒಂದು ಹಕ್ಕಿ ರಭಸದಿಂದ ಬಂದು ಹಸಿ ಗಾರೆಗೆ ಬಡಿದು, ಉಗುರೂರಿ ಜೋತುಬಿದ್ದು, ಹಾರಿಹೋಯಿತು. ಮತ್ತೆ ಬಂತು. ಅವನು ಬೆನ್ನು ತಿರುಗಿಸಿ ಕುಳಿತ. ರೆಕ್ಕೆಯ ಸದ್ದು ಬೆನ್ನಿಗೇ ಬಂತು. ಎದ್ದು ಹೋಗಿ ಕರಣೆ ತೊಳೆದ. ತೊಳೆದದ್ದನ್ನೇ ಮತ್ತೆರಡು ಸಲ ತೊಳೆದ. ಕೊನೆಗೆ ಏಣಿಯತ್ತ ಓಡಿದ.

ಗಾರೆ ಆಗಲೇ ಬಿಗಿಯುತ್ತಿತ್ತು. ಕರಣೆಯ ತುದಿಯಿಂದ ಕೆದಕಿ, ಬೆರಳುಗಳಿಂದ ಬಗೆದ. ಒಳಗೆ ಮೂರು ಮರಿ. ಎರಡು ಬಾಯಿ ತೆರೆದವು. ಮೂರನೆಯದರ ಮೇಲೆ ಗಾರೆಯ ಮುದ್ದೆ ಬಿದ್ದಿತ್ತು.

ಸತ್ತ ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಇಳಿದಾಗ ಅಕ್ಕ ಕೆಳಗೆ ನಿಂತಿದ್ದಳು. 'ಮೊದಲೇ ಸತ್ತಿತ್ತು' ಎಂಬ ಮಾತು ಅವನ ನಾಲಿಗೆ ತುದಿವರೆಗೂ ಬಂತು.

"ನಾನೇ ಮಾಡಿದ್ದು ಅಕ್ಕ. ಗುರುತು ಒರೆಸಿ ಮುಚ್ಚಿಬಿಟ್ಟೆ."

ಅಕ್ಕ ಬೈದಿದ್ದರೆ ಚೆನ್ನಾಗಿತ್ತು. ಮರಿಯನ್ನು ಇಸಿದುಕೊಂಡು ಹೋದಳು.

ಸಂಜೆ ಪಾದ್ರಿ ಎಲ್ಲ ಕೇಳಿಸಿಕೊಂಡರು. "ನನ್ನ ಹತ್ರ ಹೇಳಿದ್ದಾಯ್ತು. ಸಭೆ ಮುಂದೆ ಹೇಳ್ತೀಯಾ?"

ಭಾನುವಾರ ಎದ್ದು ನಿಂತು ಹೇಳಿದ. ಬೇರೆ ಗಾರೆಯವನನ್ನು ಕರೆಸೋಣವೆಂದು ಯಾರೋ ಅಂದರು. ಆರ್ಗನ್ ನುಡಿಸುವ ಅಜ್ಜಿ, "ಇವನಿಗೆ ಈಗ ತಾನೆ ಬುದ್ಧಿ ಬಂದಿದೆ. ಇನ್ನೊಬ್ಬನಿಗೆ ಮೊದಲಿಂದ ಕಲಿಸೋರು ಯಾರು?" ಎಂದಳು. ಕೆಲಸ ಅವನಿಗೇ ಉಳಿಯಿತು.

ದಿನವೂ ಶಾಲೆಯ ಕೆಲಸ ಮುಗಿಸಿ ಬಂದು ಸೂರಿನ ಕೆಳಗೆ ನಿಲ್ಲುತ್ತಿದ್ದ. ಒಂದು ಮರಿ ತಲೆ ಹೊರಹಾಕಿದ ದಿನ ಎದೆ ಹಗುರಾಯಿತು. ಮಾರನೇ ದಿನ ಅದು ಕಾಣದಾಗ ಮತ್ತೆ ಧಸಕ್ಕೆಂದಿತು. ನಾಲ್ಕನೇ ವಾರ ಮೂರೂ ಗೂಡು ಬರಿದಾದವು. ಎರಡು ಸಲ ಕೈಹಾಕಿ ನೋಡಿಕೊಂಡೇ ಗಾರೆ ಕಲಸಿದ. ಮೂರು ಕಡೆಯೂ ಮುಂದಿನ ವರ್ಷಕ್ಕೆಂದು ಹಕ್ಕಿ ನುಸುಳುವಷ್ಟು ಸಂದು ಬಿಟ್ಟ, ಯಾರೂ ಹೇಳಿರಲಿಲ್ಲ.

ಕೆಳಗೆ ಯಾರೋ ಏಣಿ ಹಿಡಿದಂತಾಯಿತು. ಇಷ್ಟು ದಿನ ಮಾತು ಬಿಟ್ಟಿದ್ದ ಅಕ್ಕ.

"ಕಾಲು ನೋಡಿ ಇಡು," ಎಂದಳು.